ಮನಸ್ಸು ತಿಳಿಯಾಗಲು ದಿನನಿತ್ಯದ ಯೋಗಾಭ್ಯಾಸ: ಶುರು ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಯೋಗ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಆಸನಗಳು. ಪತಂಜಲಿಯ ಯೋಗಸೂತ್ರವನ್ನು ತೆರೆದರೆ ಚಿತ್ರ ಬೇರೆಯೇ ಇದೆ. ನಾಲ್ಕು ಪಾದಗಳ, ಅಂದರೆ ಅಧ್ಯಾಯಗಳ, 195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ನೇರವಾಗಿ ಆಸನದ ಬಗ್ಗೆ ಇರುವುದು ಮೂರೇ ಮೂರು. ಉಳಿದ ಬಹುಪಾಲು ಮಾತು ಮನಸ್ಸಿನದು: ಅದು ಯಾಕೆ ಕದಡುತ್ತದೆ, ಕದಡಿದಾಗ ನಮಗೆ ಏನು ಕಾಣದೆ ಹೋಗುತ್ತದೆ, ಮತ್ತೆ ತಿಳಿಯಾಗಲು ಏನು ಮಾಡಬೇಕು.

ಈ ಬರಹ ಆ ಬಹುಪಾಲಿನ ಬಗ್ಗೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಎಡವುವವರೇ ಹೆಚ್ಚು. ಕಣ್ಣು ಮುಚ್ಚಿ ಕೂತಾಗ ಸಿಗುವ ನೆಮ್ಮದಿ ಬೇರೆ, ಒಳಗಿನ ಸ್ಪಷ್ಟತೆ ಬೇರೆ. ನೆಮ್ಮದಿ ಒಳ್ಳೆ ನಿದ್ದೆಯಿಂದಲೂ ಬರುತ್ತದೆ. ಸ್ಪಷ್ಟತೆ ಬಂದಿದೆಯೋ ಇಲ್ಲವೋ ಗೊತ್ತಾಗುವುದು ಎದ್ದು ಓಡಾಡುವಾಗ. ಮನಸ್ಸಿನಲ್ಲಿ ಎದ್ದದ್ದು ಕಂಡ ಸಂಗತಿಯೋ, ನಾನೇ ಕಟ್ಟಿಕೊಂಡ ಊಹೆಯೋ ಎಂದು ಅದು ಎದ್ದ ಗಳಿಗೆಯಲ್ಲೇ ಗುರುತು ಹತ್ತಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಗುರುತು ಹತ್ತಲಿ ಎಂದೇ.

ಶುರು ಮಾಡುವ ಮೊದಲು ಇಷ್ಟು ತತ್ತ್ವ ಸಾಕು

ಮೊದಲ ಪಾದವಾದ ಸಮಾಧಿಪಾದದ ಎರಡನೇ ಸೂತ್ರ ಎಲ್ಲರ ಬಾಯಲ್ಲೂ ಇದೆ: 'ಯೋಗಶ್ಚಿತ್ತವೃತ್ತಿನಿರೋಧಃ', ಚಿತ್ತದ ವೃತ್ತಿಗಳು, ಅಂದರೆ ಮನಸ್ಸಿನಲ್ಲಿ ಏಳುವ ಅಲೆಗಳು, ನಿಲ್ಲುವುದೇ ಯೋಗ. ಅದರ ಬೆನ್ನಿಗಿರುವ ಎರಡು ಸೂತ್ರಗಳನ್ನು ಸೇರಿಸಿ ಓದದಿದ್ದರೆ ಇದು ಅರ್ಧವೇ ತಿಳಿಯುತ್ತದೆ. ವೃತ್ತಿಗಳು ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನೆಲೆ ನಿಲ್ಲುತ್ತಾನೆ. ಉಳಿದ ಹೊತ್ತಿನಲ್ಲಿ ವೃತ್ತಿ ಹೇಗಿದೆಯೋ ತಾನೂ ಹಾಗೇ ಎಂದುಕೊಂಡಿರುತ್ತಾನೆ. ಸಿಟ್ಟು ಬಂದಾಗ 'ಸಿಟ್ಟು ಎದ್ದಿದೆ' ಎಂದು ನಮಗೆ ಕಾಣುವುದಿಲ್ಲ. ಎದುರಿಗಿರುವವರು ಕೆಟ್ಟವರು ಎಂದು ಕಾಣುತ್ತದೆ. ನಮ್ಮ ತೊಂದರೆ ಇರುವುದೇ ಇಲ್ಲಿ.

ವೃತ್ತಿಗಳು ಐದು. ಪ್ರಮಾಣ ಎಂದರೆ ಕಂಡು, ಊಹಿಸಿ ತಾಳೆ ನೋಡಿ, ಅಥವಾ ನಂಬತಕ್ಕವರಿಂದ ಕೇಳಿ ಪಡೆದ ಸರಿಯಾದ ತಿಳಿವು. ವಿಪರ್ಯಯ ಎಂದರೆ ಒಂದನ್ನು ಇನ್ನೊಂದೆಂದು ತಿಳಿಯುವುದು. ವಿಕಲ್ಪಕ್ಕೆ ಎದುರಿಗೆ ವಸ್ತುವೇ ಇರುವುದಿಲ್ಲ, ಬರೀ ಮಾತಿನ ಮೇಲೆ ಮಾತು ಪೇರಿಸಿ ಕಟ್ಟಿದ್ದು ಅದು. ಇನ್ನೆರಡು ನಿದ್ರೆ ಮತ್ತು ಸ್ಮೃತಿ. ಈ ಐದನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಇವು ನಿಜವಾದ ಕೆಲಸಕ್ಕೆ ಬರುತ್ತವೆ.

ಇವನ್ನು ನಿಲ್ಲಿಸುವ ಉಪಾಯ ಎರಡು, ಅಭ್ಯಾಸ ಮತ್ತು ವೈರಾಗ್ಯ. ಮನಸ್ಸು ಗಾಳಿಯಂತೆ, ಹಿಡಿಯಲಿಕ್ಕಾಗದು ಎಂದು ಅರ್ಜುನ ಗೀತೆಯ ಆರನೇ ಅಧ್ಯಾಯದಲ್ಲಿ ಹೇಳಿದಾಗ ಕೃಷ್ಣ ಕೊಡುವ ಉತ್ತರದಲ್ಲೂ ಇವೇ ಎರಡು. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ ಚಿತ್ತವನ್ನು ಎರಡೂ ಕಡೆ ಹರಿಯುವ ನದಿ ಎಂದಿದ್ದಾರೆ: ವಿಷಯಗಳ ಕಡೆಗಿನ ಹರಿವನ್ನು ವೈರಾಗ್ಯ ತಡೆಯುತ್ತದೆ, ವಿವೇಕದ ಕಡೆಗಿನ ಹರಿವನ್ನು ಅಭ್ಯಾಸ ತೆರೆಯುತ್ತದೆ. ಒಂದನ್ನೇ ಮಾಡಿ ಇನ್ನೊಂದನ್ನು ಬಿಟ್ಟವರು ದಣಿಯುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಧ್ಯಾನ ಮಾಡಿ ಉಳಿದ ದಿನವೆಲ್ಲ ಹಿಂದಿನ ಚಾಳಿಯಲ್ಲೇ ಕಳೆದರೆ ಏನಾಗುತ್ತದೆ, ನೀವೇ ಯೋಚಿಸಿ.

ಹೆಜ್ಜೆ 1: ಹೊತ್ತು, ಜಾಗ, ಅಳತೆ

ಅಭ್ಯಾಸ ಗಟ್ಟಿಯಾಗಲು ಪತಂಜಲಿ ಮೂರು ಷರತ್ತು ಹಾಕುತ್ತಾರೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ಬಹುಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. 'ಒಮ್ಮೆಗೇ ಹೆಚ್ಚು ಹೊತ್ತು' ಎಂಬುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಶುರುವಿನ ಅಳತೆ ಚಿಕ್ಕದಿರಲಿ. ದಿನಕ್ಕೆ 20 ನಿಮಿಷ ಸಾಕು: 5 ನಿಮಿಷ ಮೈ ಸಡಿಲಿಸಲು, 5 ನಿಮಿಷ ಉಸಿರಿಗೆ, 10 ನಿಮಿಷ ಕೂರಲು. ಅಷ್ಟೂ ಕಷ್ಟ ಎನಿಸಿದರೆ 10 ನಿಮಿಷದಿಂದ ಶುರು ಮಾಡಿ. ಭಾನುವಾರ ಎರಡು ಗಂಟೆ ಕೂತು ವಾರವೆಲ್ಲ ಬಿಡುವವರಿಗಿಂತ ದಿನಾ 10 ನಿಮಿಷ ಕೂರುವವರು ಮುಂದೆ ಹೋಗುತ್ತಾರೆ, ಇದರಲ್ಲಿ ನನಗೆ ಸಂಶಯವಿಲ್ಲ.

ಹೊತ್ತು ಒಂದೇ ಇರಲಿ. ಬೆಳಗಿನ ಜಾವ ಒಳ್ಳೆಯದು ಎನ್ನುತ್ತಾರೆ, ನಿಜ. ಆಗ ಹೊಟ್ಟೆ ಖಾಲಿ, ಸುತ್ತ ಸದ್ದಿಲ್ಲ, ದಿನದ ತಕರಾರುಗಳು ಇನ್ನೂ ಶುರುವಾಗಿಲ್ಲ. ಪಾಳಿ ಕೆಲಸ ಮಾಡುವವರಿಗೆ, ಎಳೆ ಮಗು ಇರುವವರಿಗೆ ಅದು ಆಗದ ಮಾತು. ನಿಮ್ಮ ದಿನದಲ್ಲಿ ಯಾವ ಹೊತ್ತು ಕೈ ತಪ್ಪುವುದು ಕಡಿಮೆಯೋ ಅದೇ ನಿಮ್ಮ ಬೆಳಗಿನ ಜಾವ ಎಂದುಕೊಳ್ಳಿ. ಊಟವಾಗಿ ಎರಡು ಮೂರು ಗಂಟೆ ಕಳೆದಿದ್ದರೆ ಸರಿ. ಜಾಗವೂ ಒಂದೇ ಇರಲಿ, ಒಂದು ಚಾಪೆಯಷ್ಟಾದರೂ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಸಮಯ ನೋಡಲು ಅದೇ ಬೇಕೆಂದರೆ ಅಲಾರಂ ಹಚ್ಚಿ ಕವುಚಿ ಇಡಿ.

ಸತ್ಕಾರದ ಬಗ್ಗೆ ಒಂದು ಮಾತು. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹಲ್ಲುಜ್ಜಿದ ಹಾಗೆ ಮುಗಿಸಿ ಎದ್ದರೆ ಅಭ್ಯಾಸ ಬರೀ ರೂಢಿಯಾಗುತ್ತದೆ. ಕೂರುವ ಮುನ್ನ ಚಾಪೆಯನ್ನು ನೆಟ್ಟಗೆ ಹಾಸಿ, ಮುಖ ತೊಳೆದು, ಅರೆಗಳಿಗೆ ಸುಮ್ಮನೆ ನಿಂತು, ಆಮೇಲೆ ಕೂರಿ. ಮುಗಿದ ಮೇಲೆ ಚಾಪೆ ಮಡಿಸುವಾಗಲೂ ಅವಸರ ಬೇಡ.

ಹೆಜ್ಜೆ 2: ಮೈಯನ್ನು ಕೂರಿಸುವುದು

'ಸ್ಥಿರಸುಖಮಾಸನಮ್.' ಅಲುಗದೆ, ಹಿತವಾಗಿ ಕೂರಲು ಬಂದರೆ ಅದೇ ಆಸನ. ಪದ್ಮಾಸನ ಬರದಿದ್ದರೆ ಏನೂ ನಷ್ಟವಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿ, ಕೂರುವ ಮೂಳೆಗಳ ಕೆಳಗೆ ಮಡಿಸಿದ ಕಂಬಳಿ ಇಡಿ. ಮಂಡಿಗಳು ಸೊಂಟಕ್ಕಿಂತ ಮೇಲೆ ಎದ್ದು ನಿಂತಿದ್ದರೆ ಕಂಬಳಿಯನ್ನು ಇನ್ನೊಂದು ಮಡಿಕೆ ಏರಿಸಿ. ಸೊಂಟ ಮೇಲಾದಷ್ಟೂ ಬೆನ್ನು ತಾನೇ ನೆಟ್ಟಗಾಗುತ್ತದೆ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂರಲಿ, ಪಾದ ನೆಲಕ್ಕೆ ತಾಗಿರಲಿ, ಬೆನ್ನು ಒರಗದಿದ್ದರೆ ಒಳ್ಳೆಯದು.

ಮುಂದಿನ ಸೂತ್ರ ಇನ್ನೂ ಉಪಯೋಗದ್ದು: ಪ್ರಯತ್ನವನ್ನು ಸಡಿಲಗೊಳಿಸುವುದರಿಂದ ಆಸನ ಸಿದ್ಧಿಸುತ್ತದೆ. ಕೂತ ಮೇಲೆ ದವಡೆ, ನಾಲಿಗೆ, ಹೆಗಲು, ಕಿಬ್ಬೊಟ್ಟೆ, ಅಂಗೈ, ಹೀಗೆ ಒಂದೊಂದನ್ನೇ ಗಮನಿಸುತ್ತ ಬಿಗಿ ಬಿಡಿ. ಹೆಚ್ಚಿನವರ ಬಿಗಿ ದವಡೆಯಲ್ಲಿ ಅಡಗಿರುತ್ತದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಎಳೆಯಷ್ಟು ಸಂದು ಬಿಟ್ಟು ನೋಡಿ, ಹುಬ್ಬಿನ ನಡುವಿನ ಗಂಟೂ ಸಡಿಲವಾಗುತ್ತದೆ.

ಕೂರುವ ಮುನ್ನ 5 ನಿಮಿಷ ಕತ್ತು, ಹೆಗಲು, ಬೆನ್ನು, ಸೊಂಟವನ್ನು ನಿಧಾನವಾಗಿ ತಿರುಗಿಸಿ, ಬಾಗಿಸಿ. ನಿಮಗೆ ಸೂರ್ಯನಮಸ್ಕಾರ ಬರುತ್ತಿದ್ದರೆ ನಾಲ್ಕೈದು ಸುತ್ತು ಮಾಡಿ. ಕಾಲು ಜೋಮು ಹಿಡಿದರೆ ಎಚ್ಚರದಿಂದ ಕಾಲು ಬದಲಿಸಿ. ನೋವು ನುಂಗಿಕೊಂಡು ಕೂರುವುದರಲ್ಲಿ ಯಾವ ತಪಸ್ಸೂ ಇಲ್ಲ.

ಹೆಜ್ಜೆ 3: ಉಸಿರು

ಉಸಿರು ಅಲುಗಿದರೆ ಚಿತ್ತವೂ ಅಲುಗುತ್ತದೆ, ಉಸಿರು ನಿಂತರೆ ಚಿತ್ತವೂ ನಿಲ್ಲುತ್ತದೆ ಎನ್ನುತ್ತದೆ ಹಠಯೋಗದ ಹಳೆಯ ಗ್ರಂಥವಾದ ಹಠಯೋಗಪ್ರದೀಪಿಕೆ. ನೀವೇ ಪರೀಕ್ಷಿಸಿ: ಮುಂದಿನ ಸಲ ಗಾಬರಿಯಾದಾಗ ಉಸಿರು ಎಲ್ಲಿದೆ ನೋಡಿ, ಎದೆಯ ಮೇಲ್ಭಾಗದಲ್ಲಿ ಚಿಕ್ಕದಾಗಿ ಓಡುತ್ತಿರುತ್ತದೆ.

ಮಾಡಬೇಕಾದದ್ದು ಸರಳ. ಮೂಗಿನಿಂದಲೇ ಉಸಿರಾಡಿ. ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸುತ್ತ ಒಳಗೆ ಎಳೆಯಿರಿ, ಆರರವರೆಗೆ ಎಣಿಸುತ್ತ ಹೊರಗೆ ಬಿಡಿ. ಹೊಟ್ಟೆ ಮೊದಲು ಉಬ್ಬಲಿ, ಆಮೇಲೆ ಎದೆ. ಸದ್ದಿರಬಾರದು. ಹೊರಗೆ ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ನಡವಳಿಕೆ. ಬಿಡುವ ಉಸಿರನ್ನು ಉದ್ದ ಮಾಡುವುದರ ಹಿಂದಿನ ಕಾರಣಗಳಲ್ಲಿ ಅದೂ ಒಂದು. ನಾಲ್ಕು-ಆರರ ಎಣಿಕೆಯಲ್ಲಿ ಉಸಿರು ಕಟ್ಟಿದ ಹಾಗೆನಿಸಿದರೆ ಮೂರು-ನಾಲ್ಕಕ್ಕೆ ಇಳಿಸಿ.

ಉಸಿರು ಕಟ್ಟಿ ಹಿಡಿಯುವ ಕುಂಭಕವನ್ನು ಓದಿಕೊಂಡು ಮಾಡಬೇಡಿ. ಭಸ್ತ್ರಿಕಾ, ಕಪಾಲಭಾತಿಯಂತಹ ವೇಗದವನ್ನೂ ಅಷ್ಟೇ. ಅವನ್ನು ಎದುರಿಗೆ ಕೂರಿಸಿಕೊಂಡು ಕಲಿಸುವವರಿಂದಲೇ ಕಲಿಯಬೇಕು. ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ಪ್ರಾಣಾಯಾಮದಿಂದ ಬೆಳಕಿಗೆ ಕವಿದ ತೆರೆ ತೆಳುವಾಗುತ್ತದೆ ಎಂದು ಯೋಗಸೂತ್ರದ ಎರಡನೇ ಪಾದವಾದ ಸಾಧನಪಾದ ಹೇಳುತ್ತದೆ. ಅದು ತಾನಾಗಿ ತೆಳುವಾಗಲಿ, ಹರಿಯಲು ಹೋಗಬೇಡಿ.

ಹೆಜ್ಜೆ 4: ಒಂದೇ ಆಲಂಬನ

ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಆಧಾರ ಕೊಡಿ. ವಿಕ್ಷೇಪಗಳನ್ನು, ಅಂದರೆ ಮನಸ್ಸು ಚದುರುವುದನ್ನು, ತಡೆಯಲು ಒಂದೇ ತತ್ತ್ವದ ಅಭ್ಯಾಸ ಮಾಡಬೇಕು ಎಂದು ಹೇಳಿ, ಅದು ಯಾವುದಿರಬಹುದು ಎಂಬುದಕ್ಕೆ ಪತಂಜಲಿ ಹಲವು ಆಯ್ಕೆ ಕೊಡುತ್ತಾ ಹೋಗುತ್ತಾರೆ. ಕೊನೆಗೆ 'ಯಥಾಭಿಮತಧ್ಯಾನಾದ್ವಾ', ನಿಮಗೆ ಒಪ್ಪುವ ಯಾವುದನ್ನಾದರೂ ಧ್ಯಾನಿಸಿ ಎನ್ನುತ್ತಾರೆ. ಎಷ್ಟು ದೊಡ್ಡ ಮನಸ್ಸಿನ ಮಾತು! ದೈವದಲ್ಲಿ ನಂಬಿಕೆ ಇದ್ದವರಿಗೆ ಓಂಕಾರ ಅಥವಾ ಇಷ್ಟದೇವರ ನಾಮ. ಇಲ್ಲದವರಿಗೆ ಮೂಗಿನ ಹೊಳ್ಳೆಯಲ್ಲಿ ಉಸಿರು ತಾಗುವ ಜಾಗ ಸಾಕು. ಆಯ್ದ ಮೇಲೆ ಕಡಿಮೆ ಎಂದರೆ ಮೂರು ತಿಂಗಳು ಬದಲಿಸಬೇಡಿ.

ಕೂತ ಮೇಲೆ ನಡೆಯುವುದು ಹೀಗೆ. ಮೂರು ನಾಲ್ಕು ಉಸಿರು ಗಮನದಲ್ಲಿರುತ್ತವೆ. ನಂತರ ಯಾವುದೋ ಮಾತು ನೆನಪಾಗುತ್ತದೆ, ಅದಕ್ಕೆ ಉತ್ತರ ಹೊಳೆಯುತ್ತದೆ, ಉತ್ತರಕ್ಕೆ ಅವರು ಏನೆನ್ನಬಹುದು ಎಂಬ ಯೋಚನೆ ಬೆಳೆಯುತ್ತದೆ, ನೀವು ಕೂತಿದ್ದೇ ಮರೆತುಹೋಗುತ್ತದೆ. ಥಟ್ಟನೆ ಎಚ್ಚರವಾಗುತ್ತದೆ. ಇಡೀ ಅಭ್ಯಾಸದಲ್ಲಿ ಬೆಲೆಯುಳ್ಳ ಗಳಿಗೆ ಇದೇ. ಇಲ್ಲಿ ಬಹಳ ಜನ 'ಛೆ, ಮತ್ತೆ ತಪ್ಪಿತು' ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆ ಬೈಗುಳವೂ ಇನ್ನೊಂದು ವೃತ್ತಿ. ಚಂಚಲ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ತಿರುಗಿಸಿ ತರಬೇಕು ಎಂದು ಗೀತೆಯಲ್ಲಿದೆ, ಹೋಗಲೇಬಾರದು ಎಂದಿಲ್ಲ. 'ಸ್ಮೃತಿ' ಎಂದೋ 'ವಿಕಲ್ಪ' ಎಂದೋ ಮನಸ್ಸಿನಲ್ಲೇ ಮೆಲ್ಲಗೆ ಹೆಸರಿಟ್ಟು ಉಸಿರಿಗೆ ಮರಳಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೋಗಿ ಮೂವತ್ತು ಸಲ ಮರಳಿದರೆ ಆ ದಿನದ ಅಭ್ಯಾಸ ಚೆನ್ನಾಗಿಯೇ ಆಗಿದೆ.

ತೀವ್ರ ಆತಂಕ, ಖಿನ್ನತೆ, ಹಳೆಯ ಆಘಾತದ ನೆನಪು ಇರುವವರಿಗೆ ಕಣ್ಣು ಮುಚ್ಚಿ ಕೂತಾಗ ಸಂಕಟ ಹೆಚ್ಚಬಹುದು. ಹಾಗಾದರೆ ಕಣ್ಣು ತೆರೆದು ನೆಲದ ಮೇಲೊಂದು ಬಿಂದು ನೋಡಿ, ಹೊತ್ತು ಕಡಿಮೆ ಮಾಡಿ, ಮನೋವೈದ್ಯರ ಹತ್ತಿರ ಮಾತಾಡಿ. ನಡೆಯುತ್ತಿರುವ ಔಷಧಿಯನ್ನು ಯೋಗದ ನೆಪದಲ್ಲಿ ಬಿಡಬೇಡಿ.

ಹೆಜ್ಜೆ 5: ವೃತ್ತಿ ಬೇರ್ಪಡಿಸುವ ಪುಸ್ತಕ

ನನ್ನ ಮಟ್ಟಿಗೆ ಸ್ಪಷ್ಟತೆ ಹುಟ್ಟುವ ಜಾಗ ಇದು. ಕೂರುವುದರಿಂದ ಮನಸ್ಸು ಹದವಾಗುತ್ತದೆ, ಆ ಹದದಲ್ಲಿ ಬಿತ್ತುವ ಕೆಲಸವನ್ನು ಬೇರೆಯಾಗಿ ಮಾಡಬೇಕು. ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ (ದೇವರಿಗೆ ಒಪ್ಪಿಸಿಕೊಳ್ಳುವುದು) ಈ ಮೂರು ಸೇರಿ ಕ್ರಿಯಾಯೋಗ ಎನ್ನುತ್ತದೆ ಸಾಧನಪಾದದ ಮೊದಲ ಸೂತ್ರ. ಭಾಷ್ಯದಲ್ಲಿ ಸ್ವಾಧ್ಯಾಯವೆಂದರೆ ಓಂಕಾರದ ಜಪ, ಮೋಕ್ಷಶಾಸ್ತ್ರಗಳ ಓದು. ಆ ಓದಿನಿಂದ ಕಲಿತ ಐದು ವೃತ್ತಿಗಳನ್ನು ನಿಮ್ಮ ದಿನದ ಮೇಲೆ ಹಚ್ಚಿ ನೋಡಿ ಎನ್ನುವುದು ನನ್ನ ಸಲಹೆ.

ರಾತ್ರಿ ಮಲಗುವ ಮುನ್ನ 5 ನಿಮಿಷ. ಚಿಕ್ಕ ಪುಸ್ತಕ. ಆ ದಿನ ಮನಸ್ಸನ್ನು ಕದಡಿದ ಒಂದೇ ಒಂದು ಪ್ರಸಂಗ. ಉದಾಹರಣೆಗೆ, ಗೆಳೆಯನಿಗೆ ಬೆಳಿಗ್ಗೆ ಸಂದೇಶ ಕಳಿಸಿದ್ದಿರಿ, ಓದಿದ ಗುರುತು ಬಂತು, ಸಂಜೆಯಾದರೂ ಉತ್ತರವಿಲ್ಲ. ದಿನವಿಡೀ ಕಿರಿಕಿರಿ. ಈಗ ಬಿಡಿಸಿ ಬರೆಯಿರಿ.

'ಓದಿದ್ದಾನೆ, ಉತ್ತರ ಬಂದಿಲ್ಲ.' ಇದು ಕಂಡದ್ದು, ಪ್ರಮಾಣ. 'ಹೋದ ಸಲವೂ ಹೀಗೇ ಮಾಡಿದ್ದ.' ಇದು ಸ್ಮೃತಿ. 'ಅವನಿಗೆ ನಾನು ಬೇಡವಾಗಿದ್ದೇನೆ.' ಇದಕ್ಕೆ ಎದುರಿಗೆ ಏನೂ ಇಲ್ಲ, ಮಾತಿನಿಂದ ಕಟ್ಟಿದ್ದು, ವಿಕಲ್ಪ. ಮಧ್ಯಾಹ್ನ ಅವನು ಬೇರೆಯವರ ಜೊತೆ ನಕ್ಕಿದ್ದನ್ನು ನೋಡಿ 'ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ' ಎನಿಸಿದ್ದು ವಿಪರ್ಯಯ ಇರಬಹುದು, ಕೇಳಿ ನೋಡದೆ ಗೊತ್ತಾಗದು. ಬರೆದ ಮೇಲೆ ಎಣಿಸಿ: ನಾಲ್ಕು ವಾಕ್ಯದಲ್ಲಿ ಕಂಡದ್ದು ಒಂದು. ಇಡೀ ದಿನದ ಸಂಕಟ ನಿಂತಿದ್ದು ಉಳಿದ ಮೂರರ ಮೇಲೆ.

ಇನ್ನೊಂದು ಸಾಲು ಸೇರಿಸಿ: ಇದರ ಬೇರಿನಲ್ಲಿ ಯಾವ ಕ್ಲೇಶ? ಅವಿದ್ಯೆ (ತಪ್ಪು ತಿಳಿವು), ಅಸ್ಮಿತೆ ('ನಾನು' ಎಂಬ ಭಾವ), ರಾಗ (ಬೇಕೆನ್ನುವ ಸೆಳೆತ), ದ್ವೇಷ, ಅಭಿನಿವೇಶ (ಸಾವಿನ ಭಯ) ಎಂದು ಕ್ಲೇಶಗಳೂ, ಅಂದರೆ ಮನಸ್ಸನ್ನು ಕಾಡುವ ಬೇರುಗಳೂ, ಐದು. ಮೇಲಿನ ಪ್ರಸಂಗದಲ್ಲಿ 'ನನಗೆ ಬೆಲೆ ಸಿಗಬೇಕು' ಎಂಬ ಅಸ್ಮಿತೆ ಎದ್ದು ಕಾಣುತ್ತದೆ. ಕೆಲವು ವಾರ ಬರೆದ ಮೇಲೆ ಪುಟ ತಿರುಗಿಸಿದರೆ ಪ್ರಸಂಗಗಳು ಬೇರೆ ಬೇರೆ ಇದ್ದರೂ ಬೇರು ಒಂದೆರಡೇ ಎಂದು ಕಾಣುವ ಸಾಧ್ಯತೆ ಹೆಚ್ಚು. ನಿಮ್ಮ ಬೇರು ಯಾವುದೆಂದು ಗೊತ್ತಾದ ಮೇಲೆ ಅದು ತಲೆ ಎತ್ತುವಾಗಲೇ ಸಿಕ್ಕಿಬೀಳುತ್ತದೆ. ಮೊದಲು ರಾತ್ರಿ ಬರೆಯುವಾಗ ಕಾಣುತ್ತಿದ್ದದ್ದು ಆಮೇಲೆ ಸಂಜೆಗೇ ಕಾಣುತ್ತದೆ, ಕ್ರಮೇಣ ಮಾತು ಬಾಯಿಗೆ ಬರುವ ಮುನ್ನ.

ಬರೆಯುವಾಗ ಒಂದು ಎಚ್ಚರ: ಎದುರಿನವರ ತಪ್ಪುಗಳ ಪಟ್ಟಿ ಆಗಬಾರದು. ಅವರು ನಿಜವಾಗಿಯೂ ತಪ್ಪು ಮಾಡಿರಬಹುದು, ಅದನ್ನು ಪ್ರಮಾಣದ ಸಾಲಿನಲ್ಲಿ ಬರೆದು ಮುಂದೆ ಹೋಗಿ. ಅನ್ಯಾಯವನ್ನು ನುಂಗಿಕೊಳ್ಳಿ ಎಂದು ಇದರ ಅರ್ಥವಲ್ಲ. ಊಹೆಯಿಂದ ಬೇರ್ಪಡಿಸಿದ ಅನ್ಯಾಯವನ್ನು ಎದುರಿಸುವುದು ಹೆಚ್ಚು ಸುಲಭ.

ಹೆಜ್ಜೆ 6: ವೈರಾಗ್ಯಕ್ಕೆ ಸಣ್ಣ ಪ್ರಯೋಗಗಳು

ವೈರಾಗ್ಯ ಎಂದಾಗ ಕಾವಿ, ಕಾಡು ನೆನಪಾಗಿ ಗೃಹಸ್ಥರು ಹಿಂದೆ ಸರಿಯುತ್ತಾರೆ. ಸೂತ್ರದಲ್ಲಿರುವುದು ಇಷ್ಟು: ಕಂಡ ಮತ್ತು ಕೇಳಿದ ವಿಷಯಗಳ ಮೇಲಿನ ತೃಷ್ಣೆ ಹಿಡಿತಕ್ಕೆ ಬಂದ ಸ್ಥಿತಿ. ವಸ್ತು ಮನೆಯಲ್ಲಿರಬಹುದು, ಸೆಳೆತ ನಮ್ಮ ಕೈಯಲ್ಲಿರಬೇಕು.

ವಾರಕ್ಕೆ ಒಂದೇ ಸೆಳೆತ ಆಯ್ದುಕೊಳ್ಳಿ. ಕೆಲಸದ ನಡುವೆ ಕೈ ತಾನೇ ಫೋನಿನತ್ತ ಹೋಗುವುದು, ವಾದದಲ್ಲಿ ಕೊನೆಯ ಮಾತು ನನ್ನದೇ ಆಗಬೇಕೆನಿಸುವುದು, ಹೊಗಳಿಕೆಗೆ ಕಾಯುವುದು. ಅದು ಎದ್ದಾಗ ಮೂರು ಉಸಿರಿನಷ್ಟು ಹೊತ್ತು ಏನೂ ಮಾಡದೆ ನೋಡಿ. ಎದೆಯಲ್ಲೋ ಬೆರಳ ತುದಿಯಲ್ಲೋ ಒಂದು ತಳಮಳ ಏರುತ್ತದೆ, ತುದಿ ಮುಟ್ಟುತ್ತದೆ, ಬಹಳ ಸಲ ತಾನೇ ಇಳಿಯುತ್ತದೆ. ಇಳಿದ ಮೇಲೂ ಬೇಕೆನಿಸಿದರೆ ಮಾಡಿ, ಅಡ್ಡಿಯಿಲ್ಲ. ಸೆಳೆತ ಬಂದ ಕೂಡಲೇ ಆಳಾಗಬೇಕಿಲ್ಲ ಎಂಬುದನ್ನು ಮೈಗೆ ಕಲಿಸುವುದಷ್ಟೇ ಇಲ್ಲಿನ ಕೆಲಸ.

ಕೆಟ್ಟ ಯೋಚನೆ ಬಲವಾಗಿ ಹಿಡಿದಾಗ 'ಪ್ರತಿಪಕ್ಷಭಾವನೆ', ಅಂದರೆ ಅದಕ್ಕೆ ಎದುರಾದ ಯೋಚನೆ ತಂದುಕೊಳ್ಳುವ ಉಪಾಯವಿದೆ. ಯಾರಿಗೋ ನೋಯಿಸುವ ಮಾತು ಕಳಿಸಲು ಹೊರಟಿದ್ದೀರಿ. ಇದರ ಹಿಂದೆ ಇರುವುದು ಲೋಭವೋ, ಕ್ರೋಧವೋ, ಮೋಹವೋ? ಇದರ ಫಲ ಯಾರ ಪಾಲಿಗೆ ಎಷ್ಟು ದಿನದ ದುಃಖ? ಸೂತ್ರಕಾರರು ಇಲ್ಲಿ ಬಹಳ ಖಚಿತ: ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿ ಸುಮ್ಮನಿದ್ದದ್ದು ಮೂರೂ ಲೆಕ್ಕಕ್ಕೆ ಬರುತ್ತವೆ.

ಹೆಜ್ಜೆ 7: ಜನರ ನಡುವೆ

ಚಿತ್ತ ಪ್ರಸನ್ನವಾಗಲು ನಾಲ್ಕು ಭಾವನೆಗಳನ್ನು ಹೇಳಿದ್ದಾರೆ: ಸುಖಿಗಳ ಬಗ್ಗೆ ಮೈತ್ರಿ, ದುಃಖಿಗಳ ಬಗ್ಗೆ ಕರುಣೆ, ಪುಣ್ಯವಂತರ ಬಗ್ಗೆ ಮುದಿತ (ಸಂತೋಷ), ಪಾಪಿಗಳ ಬಗ್ಗೆ ಉಪೇಕ್ಷೆ. ಕರುಣೆ ಹೆಚ್ಚಿನವರಿಗೆ ಬರುತ್ತದೆ. ಕಷ್ಟ ಇರುವುದು ಮೊದಲನೆಯದರಲ್ಲಿ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಬಡ್ತಿ ಸಿಕ್ಕ ಸುದ್ದಿ ಕೇಳಿದಾಗ ಒಳಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ನೋಡಿ. ಅಂಥ ದಿನ ಮುದ್ದಾಂ ಹೋಗಿ ಅಭಿನಂದಿಸಿ, ಮನಸ್ಸು ಹಿಂಜರಿದರೂ ಸರಿ.

ಹಠಯೋಗಪ್ರದೀಪಿಕೆ ಯೋಗ ಕೆಡಿಸುವ ಆರನ್ನು ಹೆಸರಿಸುವಾಗ ಅತಿಯಾದ ಊಟ, ಅತಿಯಾದ ಶ್ರಮ, ಅತಿಯಾದ ಮಾತನ್ನು ಮೊದಲಿಗೇ ಇಟ್ಟಿದೆ. ನಿಯಮಕ್ಕೆ ಅಂಟಿಕೊಳ್ಳುವ ಹಟವೂ ಆ ಪಟ್ಟಿಯಲ್ಲಿದೆ. ಊಟ, ನಿದ್ದೆ, ಎಚ್ಚರ ಮೂರೂ ಮಿತದಲ್ಲಿರಲಿ ಎಂಬ ಗೀತೆಯ ಮಾತನ್ನು ಇದರ ಜೊತೆಗಿಟ್ಟುಕೊಳ್ಳಿ.

ಅಡ್ಡಿಗಳು ಬಂದಾಗ

ಬರುತ್ತವೆ. ಒಂಬತ್ತು ಅಂತರಾಯಗಳನ್ನು, ಅಂದರೆ ಅಡ್ಡಿಗಳನ್ನು, ಪತಂಜಲಿ ಪಟ್ಟಿ ಮಾಡಿಯೇ ಕೊಟ್ಟಿದ್ದಾರೆ: ವ್ಯಾಧಿ (ಕಾಯಿಲೆ), ಸ್ತ್ಯಾನ (ಮನಸ್ಸಿನ ಜಡತೆ), ಸಂಶಯ, ಪ್ರಮಾದ (ಅಜಾಗ್ರತೆ), ಆಲಸ್ಯ, ಅವಿರತಿ (ವಿಷಯಗಳ ಹಂಬಲ ಬಿಡದಿರುವುದು), ಭ್ರಾಂತಿದರ್ಶನ (ತಪ್ಪು ಕಾಣ್ಕೆ), ಅಲಬ್ಧಭೂಮಿಕತ್ವ, ಅನವಸ್ಥಿತತ್ವ. ಕಾಯಿಲೆ ಬಂದರೆ ಆಸನ ಬಿಡಿ, ಮಲಗಿಕೊಂಡೇ ಉಸಿರು ಗಮನಿಸಿ. ಆಲಸ್ಯದಲ್ಲಿ ಮೈ ಭಾರವಾಗಿರುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದು ಮುಖಕ್ಕೆ ತಣ್ಣೀರು ಹಾಕಿದರೆ ಸಾಕು. ಸ್ತ್ಯಾನದಲ್ಲಿ ಚಿತ್ತಕ್ಕೇ ಕೆಲಸ ಬೇಡವಾಗಿರುತ್ತದೆ. ಆಗ ಹೊತ್ತನ್ನು ಅರ್ಧಕ್ಕೆ ಇಳಿಸಿ, ಕೂರುವುದನ್ನು ಮಾತ್ರ ಬಿಡಬೇಡಿ. ಕೂತಾಗ ಬೆಳಕು ಕಂಡಿತು, ಸದ್ದು ಕೇಳಿತು ಎಂದು ಕೆಲವರು ಹಿಗ್ಗುತ್ತಾರೆ. ಅದಕ್ಕೆ ಬೆನ್ನು ಹತ್ತಿದರೆ ಭ್ರಾಂತಿದರ್ಶನಕ್ಕೆ ಬಾಗಿಲು ತೆರೆದ ಹಾಗೆ. ಅದಕ್ಕೂ ಹೆಸರಿಟ್ಟು ಉಸಿರಿಗೆ ಮರಳಿ.

ಪಟ್ಟಿಯ ಕೊನೆಯ ಎರಡು ಹೆಚ್ಚು ಜನರಿಂದ ಅಭ್ಯಾಸವನ್ನೇ ಬಿಡಿಸುತ್ತವೆ. ತಿಂಗಳುಗಟ್ಟಲೆ ಕೂತರೂ ನೆಲೆ ಸಿಗದಿರುವುದು ಒಂದು, ಸಿಕ್ಕ ನೆಲೆ ಜಾರಿಹೋಗುವುದು ಇನ್ನೊಂದು. ಎರಡಕ್ಕೂ ಪುಸ್ತಕ ತೆರೆದು ಮೂರು ತಿಂಗಳ ಹಿಂದಿನ ಪುಟ ಓದಿ. ಆಗ ಮೂರು ದಿನ ಕಾಡಿದ್ದಂಥದ್ದು ಈಗ ಒಂದು ಗಂಟೆ ಕಾಡುತ್ತಿದ್ದರೆ ಅಭ್ಯಾಸ ಕೆಲಸ ಮಾಡುತ್ತಿದೆ. ಬದಲಾವಣೆಯೇ ಕಾಣದಿದ್ದರೆ ಹೊತ್ತು ಹೆಚ್ಚಿಸುವ ಮೊದಲು ಹೆಜ್ಜೆ 6 ನಿಜವಾಗಿ ನಡೆಯುತ್ತಿದೆಯೇ ನೋಡಿಕೊಳ್ಳಿ.

ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಕೂತು ತೀರಿಸಲು ಹೋಗಬೇಡಿ, ಎಂದಿನ ಅಳತೆಯಲ್ಲೇ ಕೂರಿ. ವಾರ ತಪ್ಪಿದ್ದರೆ 10 ನಿಮಿಷದಿಂದ ಮತ್ತೆ ಹಿಡಿಯಿರಿ.

ಮುಂದಕ್ಕೆ

20 ನಿಮಿಷ ಸಲೀಸಾಗಿ, ಗಡಿಯಾರದ ನೆನಪಿಲ್ಲದೆ ಕಳೆಯತೊಡಗಿದಾಗ ತಿಂಗಳಿಗೆ 5 ನಿಮಿಷದಂತೆ ಏರಿಸಿ. 45 ನಿಮಿಷಕ್ಕೆ ಬಂದಾಗ ಒಬ್ಬ ಗುರುವಿನ ಮಾರ್ಗದರ್ಶನ ಹುಡುಕುವುದು ಒಳ್ಳೆಯದು. ಕುಂಭಕ, ಬಂಧ, ಮುದ್ರೆಗಳಿಗಂತೂ ಬೇಕೇ ಬೇಕು. ತಾವೂ ದಿನಾ ಅಭ್ಯಾಸ ಮಾಡುವವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ವೈದ್ಯರ ಹತ್ತಿರ ಹೋಗಬೇಡಿ ಎಂದು ಹೇಳದವರು ಸಿಕ್ಕರೆ ಅವರ ಬಳಿ ಕೂರಿ. ಹೋಗುವಾಗ ಮೂರು ವಿಷಯ ಹೇಳಲು ಸಿದ್ಧವಾಗಿರಿ: ಎಷ್ಟು ಕಾಲದಿಂದ ಯಾವ ಹೊತ್ತಿಗೆ ಕೂರುತ್ತಿದ್ದೀರಿ, ಯಾವ ಆಲಂಬನ ಹಿಡಿದಿದ್ದೀರಿ, ನಿಮ್ಮ ಪುಸ್ತಕದಲ್ಲಿ ಯಾವ ಕ್ಲೇಶ ಮತ್ತೆ ಮತ್ತೆ ಬರುತ್ತಿದೆ. ಇಷ್ಟು ಗೊತ್ತಾದರೆ ಮುಂದಿನ ಹೆಜ್ಜೆ ಯಾವುದೆಂದು ಅವರು ನಿಮಗೇ ಹೊಂದುವಂತೆ ಹೇಳಬಲ್ಲರು.